ತೆಂಗಿನೆಣ್ಣೆ ಗಟ್ಟಿಯಾಗುವ ಊರುಗಳು: ಕಾಸರಗೋಡಿನವರ ಚಳಿಗಾಲದ ಪ್ರವಾಸಕ್ಕೆ ಮಡಿಕೇರಿಯೋ, ಊಟಿಯೋ, ಸೊಲ್ಲಾಪುರವೋ?

ಕಾಸರಗೋಡಿನಲ್ಲಿ ಚಳಿ ಅಂದರೆ ಧನುರ್ಮಾಸದ ಬೆಳಗಿನ ಜಾವ ದೇವಸ್ಥಾನಕ್ಕೆ ಹೊರಟಾಗ ಹೆಗಲ ಮೇಲಿನ ಬೈರಾಸನ್ನು ಕಿವಿಗೆ ಸುತ್ತಿಕೊಳ್ಳುವಷ್ಟು. ಪೂಜೆ ಮುಗಿಸಿ ಮನೆಗೆ ಬರುವ ಹೊತ್ತಿಗೆ ಅದೇ ಬೈರಾಸಿಗೆ ಬೆವರು ಒರೆಸುವ ಕೆಲಸ. ಜನವರಿಯ ರಾತ್ರಿಯಲ್ಲೂ ನಮ್ಮಲ್ಲಿ 20-22 ಡಿಗ್ರಿಗಿಂತ ಕೆಳಗೆ ಇಳಿಯುವುದು ಅಪರೂಪ. ಬಚ್ಚಲಿನ ತೆಂಗಿನೆಣ್ಣೆಯ ಸೀಸೆಯೇ ನಮ್ಮ ಥರ್ಮಾಮೀಟರು. ಯಾವತ್ತೋ ಒಂದು ಬೆಳಿಗ್ಗೆ ತಳದಲ್ಲಿ ಬೆಳ್ಳಗೆ ಕಂಡರೆ "ಈ ಸಲ ಚಳಿ ಜೋರುಂಟು" ಅಂತ ಮಾತು. ಮನೆಯ ಕಪಾಟಿನಲ್ಲಿ ಉಣ್ಣೆಯದ್ದು ಅಂತ ಇರುವುದು ಒಂದೇ ಒಂದು ಶಾಲು. ಅದೂ ಬಯಲಾಟಕ್ಕೆ ರಾತ್ರಿಯಿಡೀ ಗದ್ದೆಯಲ್ಲಿ ಕೂರುವಾಗ ಬೇಕು ಅಂತ ತೆಗೆದದ್ದು.

ಇಂಥ ನಮಗೆ ಡಿಸೆಂಬರ್ ಬಂತೆಂದರೆ ಚಳಿ ನೋಡುವ ಆಸೆ. ಮಕ್ಕಳಿಗೆ ಕ್ರಿಸ್ಮಸ್ ರಜೆ ಇರುತ್ತದೆ. ಆದರೆ ಅಂಗಳದ ತುಂಬ ಅಡಿಕೆ ಹರವಿರುತ್ತದೆ, ಅದನ್ನು ಮಗುಚಿ ಹಾಕಲಿಕ್ಕೆ ಒಬ್ಬರನ್ನು ಗೊತ್ತು ಮಾಡದೆ ಮನೆಯಿಂದ ಕಾಲು ಹೊರಗಿಡುವ ಹಾಗಿಲ್ಲ. ಹಾಗಾಗಿ ನಮ್ಮದು ಯಾವತ್ತೂ ಮೂರು ರಾತ್ರಿಯ ಪ್ರವಾಸ. ಒಂದೊಂದು ವರ್ಷ ಒಂದೊಂದು ಕಡೆಯಂತೆ ಮಡಿಕೇರಿ, ಊಟಿ, ಸೊಲ್ಲಾಪುರ ಮೂರನ್ನೂ ಎಪ್ಪತ್ತು ದಾಟಿದ ಅಮ್ಮನನ್ನು ಕರೆದುಕೊಂಡೇ ನೋಡಿದ್ದೇವೆ. ಕೆಳಗಿನದ್ದು ಆ ಅನುಭವದ ಮೇಲಿನ ಹೋಲಿಕೆ. ನೋಡುವ ಜಾಗ ಯಾವ ಊರಿನಲ್ಲಿ ಹೆಚ್ಚು ಅಂತ ನಾನು ಲೆಕ್ಕ ಹಾಕಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಎಂಟರ ತನಕ ಆ ಊರು ನಮ್ಮನ್ನು ಹೇಗೆ ನೋಡಿಕೊಂಡಿತು ಎಂಬುದೇ ನನ್ನ ಅಳತೆ. ಹಗಲು ಎಲ್ಲಾ ಊರೂ ಚಂದವೇ.

ಮೊದಲು ಒಂದು ಸಣ್ಣ ಲೆಕ್ಕ

ಗುಡ್ಡ ಹತ್ತಿದ ಹಾಗೆ ಪ್ರತಿ 1,000 ಮೀಟರಿಗೆ ಸುಮಾರು 6.5 ಡಿಗ್ರಿಯಷ್ಟು ತಾಪ ಇಳಿಯುತ್ತದೆ. ನಾವು ಸಮುದ್ರದ ಬದಿಯವರಾದ ಕಾರಣ ಲೆಕ್ಕ ಹಾಕುವುದು ಸುಲಭ, ಸೊನ್ನೆಯಿಂದ ಶುರು ಮಾಡಿದರಾಯಿತು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ನಮ್ಮ ರಾತ್ರಿಯ 22ರಿಂದ ಏಳೂವರೆ ಕಳೆದರೆ 14-15 ಸಿಗುತ್ತದೆ. ಊಟಿ 2,240 ಮೀಟರ್, ಅಲ್ಲಿ ಹದಿನಾಲ್ಕೂವರೆ ಕಳೆಯಬೇಕು. ಉಳಿಯುವುದು 7-8 ಡಿಗ್ರಿ. ನಿಜವಾದ ಜನವರಿಯ ಸರಾಸರಿ ಅದಕ್ಕಿಂತಲೂ ಒಂದೆರಡು ಡಿಗ್ರಿ ಕಡಿಮೆ, ಆಕಾಶ ಶುಭ್ರವಾಗಿದ್ದ ರಾತ್ರಿಯಲ್ಲಿ ಸೊನ್ನೆಯ ಹತ್ತಿರಕ್ಕೂ ಹೋಗುತ್ತದೆ.

ಈ ಲೆಕ್ಕ ತಪ್ಪುವುದು ಸೊಲ್ಲಾಪುರದಲ್ಲಿ. ಎತ್ತರ ಬರೀ 450 ಮೀಟರ್ ಚಿಲ್ಲರೆ. ಮೂರು ಡಿಗ್ರಿ ಕಳೆದರೆ 19 ಇರಬೇಕಿತ್ತು. ಆದರೆ ಅಲ್ಲಿಯ ಜನವರಿಯ ರಾತ್ರಿ 15ರ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಕಾರಣ ಸಮುದ್ರ ದೂರ, ಗಾಳಿ ಒಣ. ನಮ್ಮ ಕರಾವಳಿಯ ಹಸಿ ಗಾಳಿ ಹಗಲಿನ ಸೆಕೆಯನ್ನು ಪಾತ್ರೆಗೆ ಮುಚ್ಚಳ ಇಟ್ಟ ಹಾಗೆ ಹಿಡಿದಿಡುತ್ತದೆ. ಬಯಲುಸೀಮೆಯಲ್ಲಿ ಆ ಮುಚ್ಚಳ ಇಲ್ಲ. ಸೂರ್ಯ ಮುಳುಗಿದ್ದೇ ತಡ, ನೆಲದ ಬಿಸಿ ಆಕಾಶಕ್ಕೆ ಹಾರಿಹೋಗುತ್ತದೆ. ಮರುದಿನ ಮಧ್ಯಾಹ್ನ ಮತ್ತೆ 30 ಡಿಗ್ರಿ. ಒಂದೇ ದಿನದಲ್ಲಿ ಹದಿನೈದು ಡಿಗ್ರಿಯ ಏರಿಳಿತ ನಮ್ಮ ಮೈಗೆ ಗೊತ್ತಿಲ್ಲದ ಸಂಗತಿ.

ಮಡಿಕೇರಿ: ಬೆಳಿಗ್ಗೆ ತಿಂಡಿ ಮನೆಯಲ್ಲಿ, ಮಧ್ಯಾಹ್ನದ ಊಟ ಚಳಿಯಲ್ಲಿ

ಕಾಸರಗೋಡಿನಿಂದ ನೂರು ಚಿಲ್ಲರೆ ಕಿಲೋಮೀಟರ್. ಚೆರ್ಕಳ, ಮುಳ್ಳೇರಿಯ, ಜಾಲ್ಸೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿದರೆ ಆಯಿತು. ಕಾಞಂಗಾಡು ಕಡೆಯವರಿಗೆ ಪಾಣತ್ತೂರಿನ ಮೂಲಕ ಭಾಗಮಂಡಲಕ್ಕೆ ಹೋಗುವ ದಾರಿಯೂ ಉಂಟು. ಘಾಟಿಯ ತಿರುವಿಗೆ ವಾಂತಿ ಮಾಡಿಕೊಳ್ಳುವ ಮಕ್ಕಳನ್ನು ಎದುರಿನ ಸೀಟಿನಲ್ಲಿ ಕೂರಿಸಿ.

ಮೊದಲ ಸಲ ಚಳಿಗೆ ಹೋಗುವವರು ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು. ಒಂದು ಸ್ವೆಟರ್, ಕಿವಿ ಮುಚ್ಚುವ ಟೊಪ್ಪಿ, ಕಾಲುಚೀಲ ಇದ್ದರೆ ಸುಧಾರಿಸಬಹುದು. ಆಗದಿದ್ದರೆ ಮರುದಿನವೇ ಘಾಟಿ ಇಳಿದು ಮನೆಗೆ ಬರಬಹುದು, ಇದು ಸಣ್ಣ ಧೈರ್ಯ ಅಲ್ಲ. ಊರು ಚಿಕ್ಕದು. ಕೋಟೆ, 1820ರಲ್ಲಿ ಲಿಂಗರಾಜ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನ, ರಾಜಾ ಸೀಟು, ಇಷ್ಟರಲ್ಲಿ ಪೇಟೆ ಮುಗಿಯಿತು. ರಾಜಾ ಸೀಟಿನಲ್ಲಿ ಸಂಜೆ ಸೂರ್ಯ ಮುಳುಗುವುದನ್ನು ನೋಡುವಾಗ ಕಣಿವೆಯಿಂದ ಬೀಸುವ ಗಾಳಿ ನೇರ ಕುತ್ತಿಗೆಗೆ ಬಡಿಯುತ್ತದೆ. ಥರ್ಮಾಮೀಟರಿನ 16 ಡಿಗ್ರಿ ಗಾಳಿಗೆ 12ರ ಹಾಗೆ ಅನಿಸುತ್ತದೆ. ಅಲ್ಲಿಗೆ ಸ್ವೆಟರಿಗಿಂತ ಗಾಳಿ ತಡೆಯುವ ತೆಳ್ಳಗಿನ ಜಾಕೆಟ್ಟು ಹೆಚ್ಚು ಉಪಯೋಗ.

ಡಿಸೆಂಬರ್-ಜನವರಿ ಕಾಫಿ ಕೊಯ್ಲಿನ ಕಾಲ. ತೋಟದ ನಡುವಿನ ಹೋಂಸ್ಟೇಯಲ್ಲಿ ಉಳಿದರೆ ಕಣದಲ್ಲಿ ಹರವಿದ ಕೆಂಪು ಹಣ್ಣು, ಅದನ್ನು ಕೈಯಾಡಿಸುವವರು ಎಲ್ಲಾ ಕಣ್ಣೆದುರಿಗೇ. ಅಮ್ಮ ಅದನ್ನು ನೋಡಿ, "ಪಾಪ, ಇವರದ್ದೂ ನಮ್ಮ ಹಾಗೆಯೇ. ಅಂಗಳ ಬಿಟ್ಟು ಎಲ್ಲಿಗೂ ಹೋಗುವ ಹಾಗಿಲ್ಲ" ಅಂದಿದ್ದರು. ಹೋಂಸ್ಟೇಯ ಇನ್ನೊಂದು ಲಾಭ ಹಂಡೆಯ ನೀರು. ಸೌದೆ ಒಲೆಯ ಹಂಡೆಯಲ್ಲಿ ಬೆಳಿಗ್ಗೆಯಿಂದ ರಾತ್ರಿಯ ತನಕ ಬಿಸಿನೀರು. ಲಾಡ್ಜಿನ ಗೀಸರಿಗೆ ಹೊತ್ತು ಗೊತ್ತು ಇರುತ್ತದೆ, ಹಂಡೆಗೆ ಇಲ್ಲ.

ತೊಂದರೆ ಅಂದರೆ ಇಬ್ಬನಿ. ರಾತ್ರಿ ಹೊರಗೆ ಹಾಕಿದ ಬಟ್ಟೆ ಬೆಳಗಾಗುವಾಗ ಮೊದಲಿಗಿಂತ ಹೆಚ್ಚು ಒದ್ದೆ. ಮೂರು ದಿನಕ್ಕೆ ಬೇಕಾದ ಒಳ ಉಡುಪು, ಕಾಲುಚೀಲ ಲೆಕ್ಕ ಹಾಕಿ ಒಯ್ಯಿರಿ, ಒಗೆದು ಒಣಗಿಸುವ ಯೋಚನೆ ಬೇಡ. ತೆಂಗಿನೆಣ್ಣೆ ಅಲ್ಲಿ ದನದ ತುಪ್ಪದ ಹಾಗೆ ಆಗುತ್ತದೆ, ಬೆರಳು ಹಾಕಿದರೆ ಬರುತ್ತದೆ.

ಊಟಿ: ನಿಜವಾದ ಚಳಿ, ನಿಜವಾದ ಪರದಾಟ

ಊಟಿಗೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಜನವರಿಯ ಬೆಳಿಗ್ಗೆ ಆರೂವರೆಗೆ ತಲೈಕುಂದಾ ಕಡೆಯ ಹುಲ್ಲುಗಾವಲಿನಲ್ಲಿ ಇಬ್ಬನಿ ಹೆಪ್ಪುಗಟ್ಟಿ ನೆಲವೆಲ್ಲ ಕಲ್ಲುಪ್ಪು ಚೆಲ್ಲಿದ ಹಾಗೆ ಬಿಳಿಯಾಗಿರುವುದನ್ನು ಕಂಡವರಿಗೆ ಅದು ಮರೆತುಹೋಗುವುದಿಲ್ಲ. ತಮಿಳಿನಲ್ಲಿ ಇದಕ್ಕೆ 'ಉರೈಪನಿ' ಅನ್ನುತ್ತಾರೆ. ಮೆಟ್ಟಿದರೆ ಚರಚರ ಸದ್ದು. ಎಂಟು ಗಂಟೆಯ ಬಿಸಿಲಿಗೆ ಎಲ್ಲ ಮಾಯ. ಹಿಂದೆ ಒಮ್ಮೆ ಅಲ್ಲಿ ಸೊನ್ನೆಗಿಂತ 5 ಡಿಗ್ರಿ ಕೆಳಗೂ ದಾಖಲಾಗಿದೆಯಂತೆ, ನಾವು ಹೋದಾಗ ಅಷ್ಟಿರಲಿಲ್ಲ.

ಆದರೆ ಆ ಚಂದದ ಹಿಂದೆ ಒಂದು ಪಾಠ ಇದೆ, ಅದನ್ನು ನಾವು ದುಡ್ಡು ಕೊಟ್ಟು ಕಲಿತೆವು. ತಣ್ಣನೆಯ ಗಾಳಿ ಬಿಸಿ ಗಾಳಿಗಿಂತ ಭಾರ. ರಾತ್ರಿ ಅದು ಗುಡ್ಡದ ಇಳಿಜಾರಿನಲ್ಲಿ ನೀರಿನ ಹಾಗೆ ಹರಿದು ಬಂದು ತಗ್ಗಿನಲ್ಲಿ ನಿಲ್ಲುತ್ತದೆ. ಊಟಿಯ ಪೇಟೆ, ಕೆರೆ, ಕುದುರೆ ಓಟದ ಮೈದಾನ ಎಲ್ಲವೂ ತಗ್ಗಿನಲ್ಲಿವೆ. 'ಕೆರೆಗೆ ಹತ್ತಿರ' ಅಂತ ಆಸೆಪಟ್ಟು ನಾವು ಹಿಡಿದ ಲಾಡ್ಜು ಆ ತಣ್ಣನೆಯ ಗಾಳಿಯ ಮಡುವಿನ ನಟ್ಟನಡುವೆ ಇತ್ತು. ಕೋಣೆಗೆ ಉತ್ತರದ ಕಿಟಕಿ, ಹಗಲೂ ಬಿಸಿಲು ಬೀಳದ ಗೋಡೆ. ಗೀಸರು ಬೆಳಿಗ್ಗೆ ಆರರಿಂದ ಎಂಟು ಮಾತ್ರ. ತಲೆಗೊಂದು ರಜಾಯಿ. ಇನ್ನೊಂದು ಕೇಳಿದರೆ "ಸೀಸನ್ ಸಾರ್" ಅಂತ ಉತ್ತರ.

ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ನೋಡಿದರೆ ಅಮ್ಮ ಮಂಚದ ಮೇಲೆ ಕೂತಿದ್ದರು, ಬಯಲಾಟದ ಶಾಲು ತಲೆಯ ಮೇಲೆ.

"ಎಂತ ಅಮ್ಮಾ, ನಿದ್ದೆ ಬರಲಿಲ್ಲವಾ?"

"ಎಂತ ಚಳಿ ಮಾರಾಯ ಇದು! ಇದಕ್ಕೆ ದುಡ್ಡು ಬೇರೆ ಕೊಡುವುದಾ?"

ಕಷಾಯಕ್ಕೆ ಅಂತ ಒಯ್ದಿದ್ದ ಕರೆಂಟಿನ ಕೆಟಲ್ ಆಗ ಉಪಯೋಗಕ್ಕೆ ಬಂತು. ನೀಲಗಿರಿ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ಬಾಟಲಿ ನಿಷೇಧ ಇರುವ ಕಾರಣ ನಮ್ಮಲ್ಲಿ ಇದ್ದದ್ದೆಲ್ಲ ಸ್ಟೀಲಿನ ಬಾಟಲಿ. ಒಂದಕ್ಕೆ ಕುದಿನೀರು ತುಂಬಿಸಿ, ಬಿರಡೆ ಗಟ್ಟಿ ಹಾಕಿ, ಬೈರಾಸನ್ನು ನಾಲ್ಕು ಮಡಿಕೆ ಸುತ್ತಿ ಅವರ ಪಾದದ ಬುಡದಲ್ಲಿ ಇಟ್ಟೆ. ಒಂದು ಸುತ್ತು ಸಾಲದು. ಸಕ್ಕರೆ ಕಾಯಿಲೆಯವರ ಪಾದಕ್ಕೆ ಬಿಸಿ ಸರಿಯಾಗಿ ಗೊತ್ತಾಗುವುದಿಲ್ಲ, ಸುಟ್ಟುಕೊಂಡದ್ದು ಬೆಳಿಗ್ಗೆ ತಿಳಿಯುತ್ತದೆ. ಮತ್ತೆ ನನ್ನ ರಜಾಯಿಯನ್ನು ಅವರ ಮೇಲೆ ಹೊದಿಸಲಿಲ್ಲ, ಹಾಸಿಗೆಯ ಮೇಲೆ ಅವರ ಅಡಿಗೆ ಹಾಸಿದೆ. ತೆಳ್ಳಗಿನ ಹತ್ತಿಯ ಹಾಸಿಗೆಯಾದರೆ ಅರ್ಧ ಚಳಿ ಕೆಳಗಿನಿಂದಲೇ ಬರುವುದು. ಹತ್ತು ನಿಮಿಷದಲ್ಲಿ ಗೊರಕೆ ಕೇಳಿತು. ನಾನು ಪ್ಯಾಂಟು, ಜಾಕೆಟ್ಟು, ಶೂಸಿನ ಸಮೇತ ಬೆಳಗು ಮಾಡಿದೆ.

ಹಾಗಾಗಿ ಊಟಿಗೆ ಹೋಗುವವರಿಗೆ ನನ್ನ ಮೊದಲ ಸಲಹೆ, ಊಟಿಯಲ್ಲಿ ಮಲಗಬೇಡಿ. 20 ಕಿಲೋಮೀಟರ್ ಕೆಳಗಿನ ಕೂನೂರಿನಲ್ಲಿ ಕೋಣೆ ಮಾಡಿ. ಅದು ಊಟಿಗಿಂತ ಸುಮಾರು 400 ಮೀಟರ್ ತಗ್ಗು, ಮೇಲಿನ ಲೆಕ್ಕದಲ್ಲೇ ಎರಡೂವರೆ ಡಿಗ್ರಿ ಲಾಭ. ಹಗಲಿಗೆ ಊಟಿ ನೋಡಿ, ಸಂಜೆ ಐದಕ್ಕೆ ಇಳಿದು ಬನ್ನಿ. ಊಟಿಯಲ್ಲೇ ಉಳಿಯಬೇಕು ಅಂತಿದ್ದರೆ ಇಳಿಜಾರಿನ ಮೇಲೆ, ಪೂರ್ವಕ್ಕೋ ದಕ್ಷಿಣಕ್ಕೋ ಕಿಟಕಿ ಇರುವ ಕೋಣೆ ಕೇಳಿ. ಬುಕ್ ಮಾಡುವಾಗ "ವ್ಯೂ ಉಂಟಾ" ಅಂತ ಕೇಳುವ ನಾವು "ಬಿಸಿಲು ಬೀಳುತ್ತದಾ" ಅಂತ ಕೇಳುವುದೇ ಇಲ್ಲ.

ಎರಡನೆಯ ಮಾತು, ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಬಾಗಿಲು ಹಾಕಿ ಮಲಗಬಾರದು. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಕಿಟಕಿ ಇಲ್ಲದ ಬಚ್ಚಲಿನ ಗ್ಯಾಸ್ ಗೀಸರಿಗೂ ಇದೇ ಮಾತು. ಬೆಂಕಿ ಕಾಯಿಸಬೇಕಾದರೆ ಅಂಗಳದಲ್ಲಿ ಕಾಯಿಸಿ. 'ಚಳಿಗೆ ಎರಡು ಪೆಗ್ಗು' ಅನ್ನುವವರಿಗೂ ಒಂದು ಮಾತು. ಕುಡಿದಾಗ ಚರ್ಮಕ್ಕೆ ರಕ್ತ ನುಗ್ಗಿ ಬೆಚ್ಚಗೆ ಅನಿಸುತ್ತದೆ ನಿಜ, ಆದರೆ ಒಳಗಿನ ಬಿಸಿ ಹೊರಗೆ ಹೋಗುವುದೂ ಅದೇ ದಾರಿಯಲ್ಲಿ.

ಹೋಗುವ ದಾರಿ ಎರಡು. ರೈಲಿನಲ್ಲಾದರೆ ಕೊಯಮತ್ತೂರಿನ ತನಕ ಹೋಗಿ, ಮೆಟ್ಟುಪಾಳಯದಿಂದ ಗುಡ್ಡದ ರೈಲು. 46 ಕಿಲೋಮೀಟರ್ ದಾರಿಗೆ ಹೆಚ್ಚು ಕಡಿಮೆ ಐದು ಗಂಟೆ. ಹಳಿಗಳ ನಡುವಿನ ಹಲ್ಲಿಗೆ ಚಕ್ರದ ಹಲ್ಲು ಕಚ್ಚಿಸಿಕೊಂಡು ಹತ್ತುವ ಈ ರೈಲು ಊಟಿಯ ತನಕ ಮುಟ್ಟಿದ್ದು 1908ರಲ್ಲಿ, ಯುನೆಸ್ಕೊ ಪಟ್ಟಿಗೆ ಸೇರಿದ್ದು 2005ರಲ್ಲಿ. ಮೆಟ್ಟುಪಾಳಯದಲ್ಲಿ ಬನಿಯನ್ನು ಅಂಟುವಷ್ಟು ಸೆಕೆ, ಕೂನೂರು ಬರುವಾಗ ಸ್ವೆಟರ್, ಊಟಿಯಲ್ಲಿ ಅದರ ಮೇಲೊಂದು ಜಾಕೆಟ್ಟು. ಆ ಬಟ್ಟೆಗಳ ಚೀಲವನ್ನು ಸೀಟಿನ ಬುಡದಲ್ಲೇ ಇಟ್ಟುಕೊಳ್ಳಿ. ನವೆಂಬರ್-ಡಿಸೆಂಬರ್ ಮಳೆಗೆ ಗುಡ್ಡ ಕುಸಿದು ಈ ರೈಲು ಆಗಾಗ ರದ್ದಾಗುತ್ತದೆ, ಹೊರಡುವ ಹಿಂದಿನ ದಿನ ನೋಡಿಕೊಳ್ಳಿ. ಕಾರಿನಲ್ಲಾದರೆ 2024ರಿಂದ ಇ-ಪಾಸ್ ಬೇಕು. ಮೈಸೂರಿನ ಮೇಲೆ ಹೋಗುವವರು ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ದಾರಿ ಬಂದ್ ಎಂಬುದನ್ನು ಮರೆಯಬಾರದು.

ಬೊಟಾನಿಕಲ್ ಗಾರ್ಡನ್ನಿನ ಹತ್ತಿರ ಟಿಬೆಟಿಯನ್ನರ ಅಂಗಡಿಗಳಿವೆ, ಸ್ವೆಟರ್ ಅಲ್ಲೇ ತೆಗೆದರೆ ಆಯಿತು ಅಂತ ನಾವೂ ಅಂದುಕೊಂಡಿದ್ದೆವು. ನಾವು ಮುಟ್ಟಿದ್ದು ಸಂಜೆ ಏಳಕ್ಕೆ, ಅಂಗಡಿಗೆ ಹೋಗಲು ಬೆಳಗಾಗಬೇಕಿತ್ತು. ಮೊದಲ ರಾತ್ರಿಯ ಬಟ್ಟೆಯನ್ನು ಮನೆಯಿಂದಲೇ ಒಯ್ಯಬೇಕು. ನೀಲಗಿರಿಯ ತೋಡ ಬುಡಕಟ್ಟಿನವರ ಕೈಕಸೂತಿಯ ಬಿಳಿ ಶಾಲು, ಅದರ ಮೇಲಿನ ಕೆಂಪು-ಕಪ್ಪು ದಾರದ ಚಿತ್ತಾರ, ನೋಡಲು ಬಹಳ ಚಂದ. ಜಿಐ (ಭೌಗೋಳಿಕ ಸೂಚಕ) ಗುರುತೂ ಸಿಕ್ಕಿದೆ. ಬಟ್ಟೆ ಹತ್ತಿಯದ್ದು, ಅದೊಂದನ್ನೇ ನಂಬಿ ಊಟಿಯ ರಾತ್ರಿ ಕಳೆಯುವುದು ಕಷ್ಟ.

ಭಾಷೆಯ ಬಗ್ಗೆ ಚಿಂತೆ ಬೇಡ, ನಮ್ಮ ಮಲಯಾಳ ಅಲ್ಲಿ ಚೆನ್ನಾಗಿಯೇ ಓಡುತ್ತದೆ. ಕನ್ನಡಕ್ಕೆ ಹತ್ತಿರದ ನುಡಿಯಾಡುವ ಅಲ್ಲಿಯ ಬಡಗರು ತಮ್ಮೊಳಗೆ ಮಾತಾಡುವಾಗ ಕಿವಿಗೊಟ್ಟರೆ ಅರ್ಧದಷ್ಟು ತಿಳಿಯುತ್ತದೆ. ಊಟಿಯ ಹತ್ತಿರದ 2,637 ಮೀಟರಿನ ಶಿಖರಕ್ಕೆ 'ದೊಡ್ಡಬೆಟ್ಟ' ಅಂತಲೇ ಹೆಸರು, ತಮಿಳುನಾಡಿನ ಬೋರ್ಡಿನ ಮೇಲೆ. ಡಿಸೆಂಬರ್-ಜನವರಿಯಲ್ಲಿ ಬಡಗರ ಹೆತ್ತೆ ಹಬ್ಬ ಬರುತ್ತದೆ. ಬಿಳಿ ಬಟ್ಟೆ ಹೊದ್ದ ನೂರಾರು ಜನ ಆ ಚಳಿಯಲ್ಲಿ ನಡೆದುಹೋಗುವುದನ್ನು ಕಂಡರೆ ನಮ್ಮ ಮಂಕಿ ಕ್ಯಾಪಿಗೆ ನಾಚಿಕೆಯಾಗಬೇಕು.

ತೆಂಗಿನೆಣ್ಣೆ? ಮೇಣದ ಬತ್ತಿ. ಸೀಸೆ ತಲೆಕೆಳಗೆ ಮಾಡಿ ಕುಟ್ಟಿದರೂ ಹಂದಲಿಲ್ಲ.

ಸೊಲ್ಲಾಪುರ: ಯಾರೂ ಹೇಳದ ಚಳಿಗಾಲದ ಊರು

"ಚಳಿಗಾಲಕ್ಕೆ ಸೊಲ್ಲಾಪುರವಾ?" ಅಂತ ನೆಂಟರೆಲ್ಲ ನಕ್ಕಿದ್ದರು. ಬೇಸಗೆಯಲ್ಲಿ ಅದು ಕಾದ ಕಾವಲಿ, ಸೆಕೆಗೇ ಹೆಸರಾದ ಊರು. ಆದರೆ ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವ ತನಕ, ವಯಸ್ಸಾದವರನ್ನು ಕರೆದುಕೊಂಡು ಹೋಗುವ ಕಾಸರಗೋಡಿನವರಿಗೆ ಇದಕ್ಕಿಂತ ಹಿತವಾದ ಚಳಿ ನಾನು ಕಂಡಿಲ್ಲ. ರಾತ್ರಿ ಒಂದು ಚಾದರ ಹೊದ್ದು ಮಲಗುವಷ್ಟು, ಬೆಳಿಗ್ಗೆ ಚಹದ ಲೋಟ ಎರಡೂ ಕೈಯಲ್ಲಿ ಹಿಡಿಯುವಷ್ಟು. ಹತ್ತು ಗಂಟೆಗೆ ಸ್ವೆಟರ್ ಚೀಲಕ್ಕೆ. ಗೋಡೆಗಳು ಹಗಲೆಲ್ಲ ಬಿಸಿಲು ಕುಡಿದಿರುತ್ತವೆ, ಹಾಗಾಗಿ ಹೊರಗೆ 15 ಇದ್ದರೂ ಕೋಣೆಯೊಳಗೆ ನಡುಗುವ ಪ್ರಶ್ನೆ ಇಲ್ಲ.

ದೂರವೇ ಒಂದು ಕೊರತೆ. ಮಂಗಳೂರಿನಿಂದ ವಿಜಯಪುರಕ್ಕೆ ರಾತ್ರಿಯಿಡೀ ರೈಲು, ಅಲ್ಲಿಂದ ಸುಮಾರು 100 ಕಿಲೋಮೀಟರ್ ಬಸ್ಸು. ಮೂರು ರಾತ್ರಿಯ ಪ್ರವಾಸದಲ್ಲಿ ಹೋಗಿ ಬರುವ ರೈಲಿಗೇ ಎರಡು ರಾತ್ರಿ ಹೋಗುತ್ತದೆ, ಊರಿನಲ್ಲಿ ಸಿಗುವುದು ಒಂದೇ. ನಾವು ಅಡಿಕೆಯನ್ನು ನೆರೆಮನೆಯವರಿಗೆ ಒಪ್ಪಿಸಿ ಇನ್ನೊಂದು ರಾತ್ರಿ ಸೇರಿಸಿಕೊಂಡಿದ್ದೆವು. ದಾರಿಯಲ್ಲಿ ಗೋಳಗುಮ್ಮಟವೂ ಆಯಿತು.

ಹಳೆಯ ಸೊನ್ನಲಿಗೆ ಇದೇ. ಹನ್ನೆರಡನೆಯ ಶತಮಾನದ ಸಿದ್ಧರಾಮ ಕೆರೆ ಕಟ್ಟಿಸಿದ ಊರು. ಕೆರೆಯ ನಡುವಿನ ಸಿದ್ಧೇಶ್ವರ ದೇವಸ್ಥಾನಕ್ಕೆ ಬೆಳಿಗ್ಗೆ ಏಳಕ್ಕೆ ಹೋದರೆ ನೀರಿನ ಮೇಲಿನ ಮಂಜು, ಪಕ್ಕದ ಭುಯಿಕೋಟೆಯ ಗೋಡೆ, ಬಿಸಿಲಿಗೆ ಬೆನ್ನು ಕೊಟ್ಟು ಕೂತ ಮುದುಕರು. ಶಾಲೆಯಲ್ಲಿ ಕಲಿತ ವಚನಗಳ 'ಕಪಿಲಸಿದ್ಧಮಲ್ಲಿಕಾರ್ಜುನ' ಅಂಕಿತದ ಮನುಷ್ಯ ಓಡಾಡಿದ ಜಾಗ. ಸಂಕ್ರಾಂತಿಯ ಆಸುಪಾಸಿನಲ್ಲಿ ಅಲ್ಲಿಯ ಗಡ್ಡಾ ಯಾತ್ರೆ. ಉದ್ದದ ನಂದಿಧ್ವಜಗಳನ್ನು ಹೊತ್ತು ಮೆರವಣಿಗೆ. ನೋಡಬೇಕಾದದ್ದೇ. ಆದರೆ ಆ ದಿನಗಳಲ್ಲಿ ಕೋಣೆ ಸಿಗುವುದು ಕಷ್ಟ, ವಯಸ್ಸಾದವರಿಗೆ ಆ ಜನಜಂಗುಳಿಯೂ ಆಗದು. ಒಂದು ವಾರ ಮೊದಲೋ ಆಮೇಲೋ ಹೋಗಿ.

ಮತ್ತೆ ಚಾದರ. ಸೊಲ್ಲಾಪುರಕ್ಕೆ ಹೋಗಿ ಚಾದರ ತಾರದೆ ಬಂದರೆ ಮನೆಯೊಳಗೆ ಸೇರಿಸುವುದಿಲ್ಲ. ನಾವು ಹೊಕ್ಕ ಅಂಗಡಿಯ ಮುದುಕರು ನಮ್ಮ ಮಾತು ಕೇಳಿ ಕನ್ನಡಕ ಏರಿಸಿದರು.

"ಯಾವ ಕಡೆಯವ್ರ್ರೀ ನೀವು? ಪುಸ್ತಕ ಓದಿದಂಗ ಮಾತಾಡ್ತೀರಲ್ಲ."

ಕಾಸರಗೋಡು, ಕೇರಳ ಅಂದೆ. "ಅಲ್ಲೂ ಕನ್ನಡ ಐತೇನ್ರೀ?" ಅಂದವರು ಒಂದು ಗಳಿಗೆ ಸುಮ್ಮನಿದ್ದು, "ಇಲ್ಲೂ ಐತಿ ನೋಡ್ರಿ ಹಿಂಗ" ಅಂತ ನಕ್ಕರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಎಳೆದ ಗೆರೆಯ ಆಚೆಗೆ ಉಳಿದವರು ಇಬ್ಬರೂ. ಆ ಅಂಗಡಿಯಲ್ಲಿ ಅವರು ಮಗನ ಜೊತೆ ಮರಾಠಿ, ನೇಯುವವನ ಜೊತೆ ತೆಲುಗು, ನಮ್ಮ ಜೊತೆ ಕನ್ನಡ ಮಾತಾಡಿದರು. ನಮ್ಮ ಬದಿಯಡ್ಕ ಪೇಟೆಯ ಅಂಗಡಿಯಲ್ಲಿ ತುಳು, ಮಲಯಾಳ, ಕನ್ನಡ ಓಡುವ ಹಾಗೆಯೇ.

ಅವರೇ ಚಾದರದ ಗುಟ್ಟು ತೋರಿಸಿದ್ದು. ಒಂದು ಮೂಲೆ ಮಗುಚಿ ಎರಡೂ ಬದಿ ಪಕ್ಕಪಕ್ಕ ಇಟ್ಟರು. ಈಚೆ ಕೆಂಪು ನೆಲಕ್ಕೆ ಬಿಳಿ ಹೂ ಇದ್ದರೆ ಆಚೆ ಬಿಳಿ ನೆಲಕ್ಕೆ ಕೆಂಪು ಹೂ. ಜಕಾರ್ಡ್ ಮಗ್ಗದಲ್ಲಿ ಚಿತ್ತಾರವನ್ನು ನೂಲಿನಲ್ಲೇ ನೇಯುವುದರಿಂದ ಹೀಗೆ, ಅಚ್ಚು ಹಾಕಿದ್ದಾದರೆ ಹಿಂಬದಿ ಮಂಕಾಗಿರುತ್ತದೆ. ಇದು ಪೂರಾ ಹತ್ತಿ. 15 ಡಿಗ್ರಿಗೆ ಇದಕ್ಕಿಂತ ಹಿತ ಬೇರೆ ಇಲ್ಲ, ಬೆವರೂ ಹೀರುತ್ತದೆ, ಮನೆಯಲ್ಲೇ ಒಗೆಯಬಹುದು. 5 ಡಿಗ್ರಿಗೆ ಮಾತ್ರ ಒಯ್ಯಬೇಡಿ, ಅಲ್ಲಿಗೆ ಉಣ್ಣೆಯೇ ಬೇಕು. ಉಣ್ಣೆ ಸ್ವಲ್ಪ ತೇವವಾದರೂ ಬಿಸಿ ಬಿಟ್ಟುಕೊಡುವುದಿಲ್ಲ, ಹತ್ತಿ ತೇವವಾದರೆ ಮೈಯ ಬಿಸಿಯನ್ನೇ ಎಳೆಯುತ್ತದೆ.

ಊಟದಲ್ಲಿ ಸೊಲ್ಲಾಪುರವನ್ನು ಮೀರಿಸುವುದು ಉಳಿದೆರಡಕ್ಕೆ ಸಾಧ್ಯವಿಲ್ಲ ಅಂತ ನನ್ನ ತೀರ್ಮಾನ, ಜಗಳ ಬೇಡ. ಚಳಿಗಾಲ ಎಳೆ ಜೋಳದ ಕಾಲ. ಮರಾಠಿಯಲ್ಲಿ ಹುರ್ಡಾ, ಆ ಕಡೆಯ ಕನ್ನಡದಲ್ಲಿ ಸೀತನಿ. ಊರ ಹೊರಗಿನ ಹೊಲದಲ್ಲಿ ಸಣ್ಣ ಗುಂಡಿ ತೆಗೆದು ಕುಳ್ಳಿನ ಕೆಂಡ ಮಾಡಿ, ಹಸಿ ತೆನೆಗಳನ್ನು ಬಿಸಿ ಬೂದಿಯೊಳಗೆ ಹುಗಿಯುತ್ತಾರೆ. ಬಾಡಿದ ತೆನೆಯನ್ನು ಅಂಗೈಯಲ್ಲಿ ತಿಕ್ಕಿದರೆ ಹಸಿರು ಕಾಳು ಉದುರುತ್ತವೆ. ಬಿಸಿ ಬಿಸಿ ಹಾಗೆಯೇ ಬಾಯಿಗೆ. ಜೊತೆಗೆ ಶೇಂಗಾ ಚಟ್ನಿ, ಬೆಲ್ಲ, ಗಟ್ಟಿ ಮೊಸರು. ಕೆಂಡದ ಸುತ್ತ ಕೂತು ಬೆಳಿಗ್ಗೆ ಒಂಬತ್ತಕ್ಕೆ ಇದನ್ನು ತಿನ್ನುವಾಗ ಮುಂಭಾಗ ಕೆಂಡದ ಬಿಸಿ, ಬೆನ್ನಿಗೆ ಎಳೆ ಬಿಸಿಲು. ಅಮ್ಮ ಹಲ್ಲಿಲ್ಲದ ಬಾಯಲ್ಲಿ ಎರಡು ತೆನೆ ಮುಗಿಸಿದರು. ಡಿಸೆಂಬರಿನಿಂದ ಫೆಬ್ರವರಿಯ ತನಕ ಇದು ಸಿಗುತ್ತದೆ, ಲಾಡ್ಜಿನಲ್ಲಿ ಕೇಳಿದರೆ ಯಾವ ಹೊಲ ಅಂತ ಹೇಳುತ್ತಾರೆ. ಸಂಕ್ರಾಂತಿಯ ಸಮಯವಾದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ.

ತೊಂದರೆ ಇಲ್ಲದಿಲ್ಲ. ಗಾಳಿ ಎಷ್ಟು ಒಣ ಅಂದರೆ ಎರಡನೆಯ ದಿನಕ್ಕೆ ತುಟಿ, ಹಿಮ್ಮಡಿ ಎರಡೂ ಬಿರುಕು. ಮೂಗು ಒಣಗಿ ರಕ್ತ ಬರುವ ಮಕ್ಕಳಿದ್ದಾರೆ. ರಾತ್ರಿ ಮಲಗುವಾಗ ಮೂಗಿನ ಹೊಳ್ಳೆಗೆ, ಹಿಮ್ಮಡಿಗೆ ಎಣ್ಣೆ ಸವರಿ ಕಾಲುಚೀಲ ಹಾಕಿಸಿ. ಎಣ್ಣೆ ಬೆಳಿಗ್ಗೆ ಏಳಕ್ಕೆ ಗಟ್ಟಿ, ಹತ್ತೂವರೆಗೆ ನೀರು. ಇಡೀ ಊರಿನ ಹವೆ ಆ ಸೀಸೆಯಲ್ಲೇ ಉಂಟು.

ಪಟ್ಟಿಗೆ ಸೇರದ ಎರಡು

ಕೊಲ್ಹಾಪುರ ನಮ್ಮ ಭಾವನ ಆಯ್ಕೆ. ಚಳಿ ಸೊಲ್ಲಾಪುರದಂತೆಯೇ. ಬೆಳಗಾವಿಯಿಂದ 110 ಕಿಲೋಮೀಟರ್. ಮಾಂಸ ತಿನ್ನುವವರಿಗೆ ತಾಂಬಡಾ ರಸ್ಸಾ, ಪಾಂಢರಾ ರಸ್ಸಾ (ಕೆಂಪು, ಬಿಳಿ ಸಾರು) ಎರಡು ಬಟ್ಟಲು ಕುಡಿದರೆ ಸ್ವೆಟರ್ ಬೇಡ ಅನ್ನುತ್ತಾನೆ ಅವನು. ಜನವರಿ ಕೊನೆಗೆ ಹೋಗುವವರು 31ರಿಂದ ಫೆಬ್ರವರಿ 2ರ ನಡುವೆ ಹೋಗಿ. ಆ ಸಂಜೆಗಳಲ್ಲಿ ಮುಳುಗುವ ಸೂರ್ಯನ ಕಿರಣ ಮಹಾಲಕ್ಷ್ಮಿಯ ವಿಗ್ರಹವನ್ನು ಮುಟ್ಟುವ ಕಿರಣೋತ್ಸವ. ಆಲೆಮನೆಗಳಲ್ಲಿ ಬಿಸಿ ಬೆಲ್ಲದ ಕಾಲವೂ ಅದೇ.

ಮೈಸೂರು ಚಳಿಯ ಊರಲ್ಲ, ಸೆಕೆ ಇಲ್ಲದ ಊರು. ಚಳಿ ಬೇಡ, ಬೆವರೂ ಬೇಡ ಅನ್ನುವವರಿಗೆ ಸರಿ. ಡಿಸೆಂಬರ್ ಕೊನೆಗೆ ಅರಮನೆಯ ಅಂಗಳದಲ್ಲಿ ಮಾಗಿಯ ಹೂವಿನ ಪ್ರದರ್ಶನ ಇರುತ್ತದೆ.

ಕೋಣೆಗೆ ಫೋನು ಮಾಡುವಾಗ

ನಾನು ಈಗ ಕೇಳುವುದು ಇಷ್ಟೇ. ಬಿಸಿನೀರು ಎಷ್ಟು ಗಂಟೆಯಿಂದ ಎಷ್ಟು ಗಂಟೆ? ತಲೆಗೆ ಎಷ್ಟು ಹೊದಿಕೆ, ಹೆಚ್ಚಿಗೆ ಬೇಕಾದರೆ ದುಡ್ಡು ಎಷ್ಟು? ಕೋಣೆಗೆ ಬಿಸಿಲು ಬೀಳುತ್ತದಾ? ಕೆಟಲಿಗೆ ಪ್ಲಗ್ ಉಂಟಾ? ಬಚ್ಚಲು ಕೋಣೆಯೊಳಗೇ ಇದೆಯಾ? ಕೊನೆಯದ್ದನ್ನು ಸಣ್ಣ ಪ್ರಶ್ನೆ ಅಂದುಕೊಳ್ಳಬೇಡಿ. ರಾತ್ರಿ ಮೂರು ಸಲ ಏಳುವ ವಯಸ್ಸಿನವರು ವರಾಂಡ ದಾಟಿ ಹೋಗಬೇಕಾದರೆ ಪ್ರವಾಸ ಅಲ್ಲಿಗೇ ಮುಗಿಯಿತು.

ಬಟ್ಟೆಯಲ್ಲಿ ಒಂದು ದಪ್ಪ ಸ್ವೆಟರಿಗಿಂತ ಮೂರು ತೆಳ್ಳಗಿನವು ಮೇಲು. ಪದರಗಳ ನಡುವೆ ನಿಂತ ಗಾಳಿಯೇ ಬೆಚ್ಚಗಿಡುವುದು, ಸೆಕೆಯಾದರೆ ಒಂದೊಂದೇ ತೆಗೆಯಬಹುದು. ಒಳಗೆ ಮೈಗೆ ತಾಗುವುದು ಒಣಗಿರಬೇಕು. ಘಾಟಿ ಹತ್ತುವಾಗ ಬೆವತ ಬನಿಯನ್ನನ್ನು ಊರು ಮುಟ್ಟಿದ ಕೂಡಲೇ ಬದಲಿಸಿ. ಬಿಪಿ ಇರುವವರಿಗೆ ಚಳಿಯಲ್ಲಿ ರಕ್ತನಾಳ ಕುಗ್ಗಿ ಒತ್ತಡ ಏರುತ್ತದೆ, ಮಾತ್ರೆ ಒಂದು ದಿನವೂ ತಪ್ಪಬಾರದು. ಬೆಳಿಗ್ಗೆ ಹಾಸಿಗೆಯಿಂದ ಒಮ್ಮೆಲೇ ಎದ್ದು ತಣ್ಣೀರಿಗೆ ಕೈ ಹಾಕುವ ಅಭ್ಯಾಸವನ್ನು ಮೂರು ದಿನದ ಮಟ್ಟಿಗೆ ಬಿಡಬೇಕು. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಕೊತ್ತಂಬರಿ-ಜೀರಿಗೆಯ ಕಷಾಯದ ಹುಡಿ ಒಂದು ಡಬ್ಬಿ ಇದ್ದರೆ ನೀರೂ ಹೊಟ್ಟೆಗೆ ಹೋಗುತ್ತದೆ.

ಹೊಸದಾಗಿ ಮದುವೆಯಾದವರು, ಇಪ್ಪತ್ತರ ಹುಡುಗರು ಊಟಿಗೆ ಹೋಗಲಿ, ಆ ಬಿಳಿ ಹುಲ್ಲು ಅವರಿಗಾಗಿಯೇ ಇರುವುದು. ಸಣ್ಣ ಮಕ್ಕಳಿದ್ದವರು, ಎರಡೇ ರಾತ್ರಿ ಕೈಯಲ್ಲಿ ಇರುವವರು ಮಡಿಕೇರಿ. ಅಪ್ಪ ಅಮ್ಮನನ್ನು ಕರೆದೊಯ್ಯುವವರು, ಅಡಿಕೆಗೆ ಜನ ಸಿಕ್ಕಿದವರು ಸೊಲ್ಲಾಪುರ. ಉಬ್ಬಸದವರು ಮಂಜಿನ ಮಡಿಕೇರಿ, ಊಟಿ ಎರಡನ್ನೂ ಬಿಟ್ಟು ಸೊಲ್ಲಾಪುರಕ್ಕೆ ಹೊರಡುವ ಮೊದಲು ಒಮ್ಮೆ ಡಾಕ್ಟರನ್ನು ಕೇಳಲಿ. ಒಣ ಚಳಿಯೂ ಕೆಲವರಿಗೆ ಕೆಮ್ಮು ತರುತ್ತದೆ.

ಎಲ್ಲಿಗೇ ಹೋಗಿ, ತೆಂಗಿನೆಣ್ಣೆಯನ್ನು ಬಾಯಿ ಅಗಲದ ಡಬ್ಬಿಯಲ್ಲಿ ಒಯ್ಯಿರಿ. ಸಪೂರ ಕತ್ತಿನ ಸೀಸೆಯಲ್ಲಾದರೆ ನನ್ನ ಹಾಗೆ ಊಟಿಯ ಲಾಡ್ಜಿನಲ್ಲಿ ಹಿಡಿಸೂಡಿಯ ಕಡ್ಡಿ ಹುಡುಕಬೇಕಾಗುತ್ತದೆ, ಅಲ್ಲಿ ಗುಡಿಸುವುದು ಪ್ಲಾಸ್ಟಿಕ್ ಬ್ರಷ್ಷಿನಲ್ಲಿ.